ದಮ್ಮು ಹತ್ತಿದರೆ ಓಟ ಬಿಡಬೇಡಿ, ವೇಗ ಇಳಿಸಿ

ಜತ್ತ, ಅಕ್ಕಲಕೋಟೆ ಸೀಮೆಯ ಕನ್ನಡ ಶಾಲೆಗಳಲ್ಲಿ ಕಲಿತು ಮಹಾರಾಷ್ಟ್ರ ಪೊಲೀಸ್ ಭರ್ತಿಯ ಕನಸು ಕಾಣುವವರೇ, ಲಿಖಿತ ಪರೀಕ್ಷೆ ಮರಾಠಿಯಲ್ಲಿದೆ. ಅಲ್ಲಿ ನಿಮಗೆ ಶ್ರಮ ಹೆಚ್ಚು. ಮೈದಾನಕ್ಕೆ ಭಾಷೆಯ ತೊಡಕಿಲ್ಲ. ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 800. ಆದರೆ ‘ದಮ್ಮು ಹತ್ತತೈತಿ, ಕಾಲು ನೋಯತಾವು’ ಎಂದು ಮೊದಲ ವಾರವೇ ಬಿಡುವವರು ಬಹಳ.

ದಮ್ಮು ಹತ್ತುವುದು ಹೆಚ್ಚಾಗಿ ವೇಗದ ತಪ್ಪು. ಮೊದಲ ದಿನವೇ ಪರೀಕ್ಷೆಯ ಓಟ ಓಡಬೇಡಿ. ಓಡುತ್ತಲೇ ಜೊತೆಗಾರರಿಗೆ ಒಂದು ಪೂರ್ತಿ ಮಾತು ಹೇಳಲು ಬರಬೇಕು, ಬಾರದಿದ್ದರೆ ನಿಧಾನಿಸಿ. 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 20 ನಿಮಿಷ, ವಾರಕ್ಕೆ 3 ದಿನ ಸಾಕು. ಮೂಗಿನಿಂದಲೇ ಉಸಿರಾಡಬೇಕೆಂಬ ಹಠ ಬೇಡ, ಬಾಯಿಯೂ ತೆರೆದಿರಲಿ. ಪಕ್ಕೆ ಹಿಡಿದರೆ ನಡೆಯಿರಿ, ಆ ಜಾಗ ಒತ್ತಿಕೊಂಡು ಉದ್ದವಾಗಿ ಉಸಿರು ಬಿಡಿ. ಹೊಟ್ಟೆ ತುಂಬ ರೊಟ್ಟಿ ಉಂಡು ಎರಡು ತಾಸು ಓಟಕ್ಕೆ ಇಳಿಯಬೇಡಿ.

ನೋವೆಲ್ಲ ಒಂದೇ ಅಲ್ಲ. ತೊಡೆ, ಮೀನಖಂಡದ ಬಿಗಿತ ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಇಳಿಯುತ್ತದೆ. ಮೊಣಕಾಲ ಕೆಳಗೆ ಮುಂದಿನ ಎಲುಬಿನ ಗುಂಟ ನೋವಾದರೆ ಓಟ ನಿಲ್ಲಿಸಿ; ಇಳಿದ ಮೇಲೆ ಡಾಂಬರು ಬಿಟ್ಟು ಮಣ್ಣಿನ ದಾರಿ ಹಿಡಿಯಿರಿ. ಬೆರಳಿಟ್ಟ ಒಂದೇ ಕಡೆ ಚುಚ್ಚಿದರೆ, ಎದೆ ನೋವು ಬಂದರೆ, ಉಸಿರಿನಲ್ಲಿ ಸುಯ್ಯೆಂಬ ಸದ್ದಾದರೆ ‘ಇನ್ನಷ್ಟು ಓಡು, ಹೋಗತೈತಿ’ ಎನ್ನುವವರ ಮಾತು ಕೇಳದೆ ಡಾಕ್ಟರರಿಗೆ ತೋರಿಸಿ.

ಜಾಹೀರಾತು ಬಂದ ಮೇಲೆ ಇಷ್ಟು ನಿಧಾನಕ್ಕೆ ವೇಳೆ ಸಿಗದು. ಹನ್ನೊಂದನೆಯ ಇಯತ್ತೆಯಲ್ಲೇ ಶುರು ಮಾಡಿ.