ಹಿಂದೆ ಬಿದ್ದವನ ಅಡ್ಡಗಟ್ಟು

ಸ್ನೂಕರ್ ಆಟವನ್ನು ಮೊದಲ ಸಲ ನೋಡುವವರಿಗೆ ಒಂದು ದೃಶ್ಯ ಒಗಟಿನಂತೆ ಕಾಣುತ್ತದೆ. 30 ಅಂಕ ಹಿಂದಿರುವ ಆಟಗಾರನೆದುರು ಹಳದಿ ಚೆಂಡು ಪಾಕೆಟ್ಟಿನ ಬಾಯಲ್ಲೇ ನಿಂತಿದೆ. ಆತ ಅದನ್ನು ಬೀಳಿಸುವುದಿಲ್ಲ. ಮೆಲ್ಲಗೆ ತಾಗಿಸಿ ದೂರ ಕಳಿಸಿ, ಬಿಳಿ ಚೆಂಡನ್ನು ಕಂದು ಚೆಂಡಿನ ಹಿಂದೆ ಅಡಗಿಸಿ, ಸುಮ್ಮನೆ ಕುರ್ಚಿಗೆ ಮರಳುತ್ತಾನೆ.

ಇದರ ಹಿಂದಿರುವುದು ಬರಿಯ ಕೂಡು-ಕಳೆ ಲೆಕ್ಕ. ಕೆಂಪು ಚೆಂಡುಗಳೆಲ್ಲ ಮುಗಿದಾಗ ಹಳದಿ 2, ಹಸಿರು 3, ಕಂದು 4, ನೀಲಿ 5, ಗುಲಾಬಿ 6, ಕರಿ 7, ಒಟ್ಟು 27 ಅಂಕ ಮಾತ್ರ ಉಳಿದಿರುತ್ತವೆ. ಅವನ್ನು ಇದೇ ಕ್ರಮದಲ್ಲಿ ಬೀಳಿಸಬೇಕು. 30 ಅಂಕ ಹಿಂದಿರುವವನು ಎಲ್ಲವನ್ನೂ ಬೀಳಿಸಿದರೂ ಸೋಲುತ್ತಾನೆ. ಅವನಿಗೆ ಬೇಕಾದದ್ದು ಎದುರಾಳಿಯ ತಪ್ಪು. ಸರದಿಯ ಚೆಂಡನ್ನು ಮೊದಲು ಮುಟ್ಟದಿದ್ದರೆ ಅದು ಫೌಲ್. ಕನಿಷ್ಠ 4 ಅಂಕ ಎದುರಿನವನಿಗೆ. ಹಾಗೊಂದು ಫೌಲ್ ಸಿಕ್ಕರೆ ಅಂತರ 26ಕ್ಕೆ ಇಳಿಯಿತು. 27 ಗಳಿಸಿ ಒಂದೇ ಅಂಕದಿಂದ ಗೆಲ್ಲಬಹುದು.

ಅಡಗಿಸುವುದರಲ್ಲೂ ಹದವಿದೆ. ಬಿಳಿ ಚೆಂಡು ಮರೆಯ ಚೆಂಡಿಗೆ ಹತ್ತಿರವಿದ್ದಷ್ಟೂ ತಪ್ಪಿಸಿಕೊಳ್ಳುವ ದಾರಿ ಕಿರಿದು. ಸರದಿಯ ಚೆಂಡು ಮೇಜಿನ ಇನ್ನೊಂದು ತುದಿಯಲ್ಲಿದ್ದರೆ ಎದುರಾಳಿ ಎರಡು ಮೂರು ಅಂಚುಗಳಿಗೆ ಬಡಿಸಿ ಅಲ್ಲಿಗೆ ತಲುಪಬೇಕು. ದಾರಿಯಲ್ಲಿ ಕರಿ ಚೆಂಡಿಗೆ ಮೊದಲು ತಗುಲಿದರೆ ದಂಡ 4 ಅಲ್ಲ, 7! ಬಾಯಲ್ಲಿದ್ದ ಹಳದಿಯನ್ನು ಬೀಳಿಸದಿರುವುದಕ್ಕೂ ಕಾರಣವಿದೆ: ಹಳದಿ ಸರದಿಯಲ್ಲಿರುವಾಗ ಅಡ್ಡ ನಿಲ್ಲಿಸಲು ಐದು ಚೆಂಡುಗಳಿವೆ. ಗುಲಾಬಿ, ಕರಿ ಎರಡೇ ಉಳಿದರೆ ಮರೆಗೆ ಸಿಗುವುದು ಒಂದೇ.

ಮುಂದಿರುವವನಿಗೂ ಈ ಲೆಕ್ಕ ಗೊತ್ತು. ಅವನು ಆ ಹಳದಿಯೊಂದನ್ನು ಬೀಳಿಸಿದರೆ ಸಾಕು, ಅಂತರ 32, ಉಳಿದದ್ದು 25. ಈಗ ಹಿಂದಿರುವವನಿಗೆ ಕನಿಷ್ಠ ದಂಡದ ಫೌಲುಗಳು ಒಂದಲ್ಲ, ಎರಡು ಬೇಕು. ಬೀಳಿಸಲಾಗದಿದ್ದರೆ ಬಣ್ಣದ ಚೆಂಡೊಂದನ್ನು ಮೇಜಿನಂಚಿಗೆ ಅಂಟಿಸಿಟ್ಟು, ಎಲ್ಲವನ್ನೂ ಒಂದೇ ಸರದಿಯಲ್ಲಿ ಬಾಚುವ ಆಸೆಗೆ ಕಲ್ಲು ಹಾಕುತ್ತಾನೆ.

ಹೀಗೆ ಮರೆ ಮಾಡುವುದಕ್ಕೇ ಇಂದು 'ಸ್ನೂಕರ್ ಮಾಡುವುದು' ಎನ್ನುತ್ತಾರೆ. ಆದರೆ ಹೆಸರು ಬಂದದ್ದು ಬೇರೆ ಕಡೆಯಿಂದ. 1875ರಲ್ಲಿ ಜಬಲ್ಪುರದ ಸೇನಾಧಿಕಾರಿಗಳ ನಡುವೆ ಆಟ ಹುಟ್ಟಿದಾಗ, ಸುಲಭದ ಚೆಂಡನ್ನು ತಪ್ಪಿಸಿದ ಒಬ್ಬನನ್ನು ನೆವಿಲ್ ಚೇಂಬರ್ಲಿನ್ ಎಂಬ ಯುವ ಅಧಿಕಾರಿ 'ಸ್ನೂಕರ್' ಎಂದು ಛೇಡಿಸಿದನಂತೆ. ಅದು ಸೈನಿಕ ಶಾಲೆಯ ಹೊಸ ಹುಡುಗರಿಗಿದ್ದ ಅಡ್ಡಹೆಸರು. (ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲಿನ್ ಬೇರೆ.) ನಿಯಮಗಳು ಸ್ಪಷ್ಟ ರೂಪ ಪಡೆದದ್ದು ನಮ್ಮ ನೆರೆಯ ಊಟಿಯ ಕ್ಲಬ್ಬಿನಲ್ಲಿ.

ಹಿಂದೆ ಬಿದ್ದವನ ತಾಳ್ಮೆಗೆ 1985ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ದೊಡ್ಡ ಸಾಕ್ಷಿ. ಶೆಫೀಲ್ಡಿನಲ್ಲಿ ಡೆನಿಸ್ ಟೇಲರ್, ಸ್ಟೀವ್ ಡೇವಿಸ್‌ಗೆ ಮೊದಲ ಎಂಟು ಫ್ರೇಮುಗಳನ್ನು ಬಿಟ್ಟುಕೊಟ್ಟಿದ್ದರು. 17-17ರ ನಂತರದ ಕೊನೆಯ ಫ್ರೇಮಿನಲ್ಲಿ 44-62ರಿಂದ ಹಿಂದಿದ್ದಾಗ ಅಂತರ 18, ಮೇಜಿನ ಮೇಲೆ 22. ಫೌಲು ಬೇಡ, ಆದರೆ ನಾಲ್ಕು ಚೆಂಡುಗಳೂ ಬೇಕು. ಮೂರನ್ನು ಬೀಳಿಸಿದರು. ಕರಿ ಚೆಂಡಿಗಾಗಿ ಇಬ್ಬರೂ ಯತ್ನಿಸಿ ತಪ್ಪಿದ ಮೇಲೆ, ನಡುರಾತ್ರಿ ಕಳೆದು, ಟೇಲರ್ ಅದನ್ನೂ ಬೀಳಿಸಿದರು. ಇಡೀ ಪಂದ್ಯದಲ್ಲಿ ಅವರು ಮುಂದಾದದ್ದು ಆಗಲೇ, ಮೊದಲ ಬಾರಿಗೆ.

ಅಡ್ಡಗಟ್ಟುವವನ ಆಸೆಗೂ ನಿಯಮ ಒಂದು ಗೆರೆ ಎಳೆದಿದೆ: ಮೇಜಿನ ಮೇಲೆ ಕರಿ ಚೆಂಡೊಂದೇ ಉಳಿದು ಅಂತರ 7 ಮೀರಿದ್ದರೆ ಫ್ರೇಮು ಅಲ್ಲಿಗೇ ಮುಗಿಯಿತು.