ಮೌನವನ್ನರಿತ ಯಂತ್ರ

ಟೆಲಿಫೋನಿನ ಗಂಟೆ ಬಾರಿಸಿದರೆ ಮನೆಯವರಲ್ಲಿ ಒಬ್ಬರು ಹೋಗಿ ಎತ್ತುತ್ತಾರೆ. ಕರೆದವರು ಯಾರೆಂದು ತಿಳಿದು ಮಾತನಾಡುತ್ತಾರೆ. ಮಾತು ಮುಗಿದೊಡನೆ ಕೆಳಗಿಡುತ್ತಾರೆ. ಮನುಷ್ಯನ ಕೈ ಸೋಕದೆ ಈ ಮೂರನ್ನೂ ಯಂತ್ರವೇ ನಿರ್ವಹಿಸಬೇಕಾದರೆ ಅದಕ್ಕೆ ಕಲಿಸಬೇಕಾದುದೇನು? ಹಳೆಯ ಮೊಡೆಮ್‌ಗಳ ಇತಿಹಾಸದಲ್ಲಿ ಇದಕ್ಕೊಂದು ಸೊಗಸಾದ ಉತ್ತರವಿದೆ.

ಕಂಪ್ಯೂಟರಿನ ಅಂಕೆಗಳನ್ನು ಟೆಲಿಫೋನ್ ತಂತಿಯಲ್ಲಿ ಸಾಗಬಲ್ಲ ನಾದವನ್ನಾಗಿಯೂ, ಅತ್ತಣಿಂದ ಬಂದ ನಾದವನ್ನು ಮರಳಿ ಅಂಕೆಗಳನ್ನಾಗಿಯೂ ಮಾರ್ಪಡಿಸುವ ಸಾಧನವೇ ಮೊಡೆಮ್. ಮೊದಲು ಅನೇಕರು ತಾವೇ ಡಯಲ್ ತಿರುಗಿಸಿ, ರಿಸೀವರನ್ನು ರಬ್ಬರಿನ ಬಟ್ಟಲುಗಳಲ್ಲಿ ಮಲಗಿಸಬೇಕಾಗಿತ್ತು. 1981ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಡೆನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್ಟನ್ ಎಂಬಿಬ್ಬರು ‘ಸ್ಮಾರ್ಟ್‌ಮೊಡೆಮ್’ ಎಂಬುದನ್ನು ಹೊರತಂದರು. ಅದರ ವೇಗ ಸೆಕೆಂಡಿಗೆ 300 ಬಿಟ್‌ಗಳಷ್ಟೆ. ಆದರೆ ಅದಕ್ಕೆ ಆಜ್ಞೆಗಳು ಅರ್ಥವಾಗುತ್ತಿದ್ದುವು.

ಬಹುತೇಕ ಎಲ್ಲ ಆಜ್ಞೆಗಳೂ ‘ಎಟಿ’ ಎಂಬ ಎರಡು ಅಕ್ಷರಗಳಿಂದ ಆರಂಭ. ಇತ್ತ ಲಕ್ಷ್ಯವಿಡು ಎಂದು ಅದರ ಅರ್ಥ. ಮುಂದೆ ‘ಡಿ’ ಎಂದರೆ ಸಂಖ್ಯೆಗೆ ಕರೆ ಮಾಡು. ‘ಎ’ ಎಂದರೆ ಎತ್ತು. ‘ಎಚ್’ ಎಂದರೆ ಕೆಳಗಿಡು. ಎಷ್ಟನೆಯ ಗಂಟೆಗೆ ತಾನಾಗಿ ಎತ್ತಬೇಕೆಂಬುದನ್ನು ‘ಎಸ್ 0’ ಎಂಬ ಮನೆಯಲ್ಲಿ ಬರೆದಿಡಬೇಕು. ಅಲ್ಲಿ 1 ಇದ್ದರೆ ಮೊದಲ ಗಂಟೆಗೇ ಉತ್ತರ. 0 ಇದ್ದರೆ ಎಷ್ಟು ಬಾರಿಸಿದರೂ ಮೌನ. ಸಂಸಾರಕ್ಕೂ ಯಂತ್ರಕ್ಕೂ ಒಂದೇ ತಂತಿಯಿದ್ದಲ್ಲಿ ವಿವೇಕ ಬೇಕು. ಮೊದಲ ಗಂಟೆಗೇ ಯಂತ್ರ ಎತ್ತಿದರೆ, ಕ್ಷೇಮ ವಿಚಾರಿಸಲು ಕರೆದ ತಾಯಿಯ ಕಿವಿಗೆ ಕರ್ಕಶ ಕೂಗೇ ಗತಿ! ಅದಕ್ಕೆಂದೇ ನಾಲ್ಕೈದು ಗಂಟೆಗಳ ತನಕ ಮನೆಯವರಿಗೆ ಅವಕಾಶ ಕೊಡುವುದು ಲೇಸು. ಎತ್ತಿದ ಮೇಲೂ ನಿಗದಿಯಾದ ವೇಳೆಯೊಳಗೆ ಅತ್ತಣ ಮೊಡೆಮ್‌ನ ನಾದ ಕೇಳಿಸದಿದ್ದರೆ ಯಂತ್ರ ತಾನೇ ಕೆಳಗಿಡುತ್ತದೆ.

ನಿಜವಾದ ತೊಡಕು ಮುಂದಿನದು. ಸಂಪರ್ಕ ಕೂಡಿದ ಬಳಿಕ ಕಂಪ್ಯೂಟರಿನಿಂದ ಬಂದುದೆಲ್ಲವೂ ಸಂದೇಶವೇ. ಅದರ ನಡುವೆ ‘ಕೆಳಗಿಡು’ ಎಂಬ ಆಜ್ಞೆಯನ್ನು ಗುರುತಿಸುವುದೆಂತು? ಯಾವ ಅಕ್ಷರವನ್ನು ಸಂಕೇತವಾಗಿ ಆರಿಸಿಕೊಂಡರೂ ಅದು ಯಾರದೋ ಪತ್ರದಲ್ಲಿ ಬಂದೇ ತೀರುತ್ತದೆ. ಹೆದರಿಂಗ್ಟನ್ ಆರಿಸಿದ್ದು ‘+++’ ಎಂಬ ಮೂರು ಗುರುತುಗಳನ್ನು. ಆದರೆ ಅವುಗಳ ಹಿಂದೆಯೂ ಮುಂದೆಯೂ ಒಂದೊಂದು ಸೆಕೆಂಡಿನ ಮೌನವಿರಬೇಕು. ಮೌನವಿದ್ದರೆ ಆಜ್ಞೆ, ಇಲ್ಲದಿದ್ದರೆ ಬರಿಯ ಬರಹ. ಇದಕ್ಕೆ 1985ರಲ್ಲಿ ಪೇಟೆಂಟ್ ದೊರೆಯಿತು.

ಆ ಹಕ್ಕಿಗೆ ಹಣ ತೆರಲೊಲ್ಲದ ಕೆಲವು ತಯಾರಕರು ಮೌನದ ನಿಯಮವನ್ನೇ ಕೈಬಿಟ್ಟರು. ಫಲವನ್ನು ಉಂಡವರು ಬಳಕೆದಾರರು. 1990ರ ದಶಕದಲ್ಲಿ ಕಿಡಿಗೇಡಿಗಳು ‘+++’ ಮತ್ತು ‘ಕೆಳಗಿಡು’ ಆಜ್ಞೆಗಳನ್ನೊಳಗೊಂಡ ಸಂದೇಶವನ್ನು ಕಳುಹಿಸಿ, ಅದನ್ನೇ ಹಿಂದಿರುಗಿಸುವಂತೆ ಮಾಡುತ್ತಿದ್ದರು. ಹಿಂದಿರುಗಿಸುವಾಗ ಬಡಪಾಯಿಯ ಮೊಡೆಮ್ ಅದನ್ನು ಒಡೆಯನ ಅಪ್ಪಣೆಯೆಂದೇ ಬಗೆದು ಕರೆಯನ್ನು ಕಡಿಯುತ್ತಿತ್ತು. ಮೌನವನ್ನು ಕಾಯುತ್ತಿದ್ದ ಮೊಡೆಮ್‌ಗಳು ಮಾತ್ರ ಈ ಮೋಸಕ್ಕೆ ಸಿಲುಕಲಿಲ್ಲ.

ಹೇಯ್ಸ್ ಕಂಪನಿ 1999ರಲ್ಲಿ ಮುಚ್ಚಿಹೋಯಿತು. ಆದರೂ ಅದರ ‘ಎಟಿ’ ನುಡಿ ಇಂದಿಗೂ ಮೊಬೈಲ್ ಜಾಲದ ಯಂತ್ರಭಾಗಗಳಲ್ಲಿ ಬದುಕಿದೆ. ಹವ್ಯಾಸಿಗಳು ಹಳೆಯ ಮೊಡೆಮ್‌ನ ‘ಎಸ್ 0’ ಮನೆಯಲ್ಲಿ 0 ಬರೆದು, ಕರೆದವರ ಸಂಖ್ಯೆಯನ್ನು ಅದರಿಂದ ತಿಳಿದು, ಬೇಡವಾದ ಕರೆಯನ್ನಷ್ಟೇ ಎತ್ತಿ ಕೂಡಲೇ ಕೆಳಗಿಡುವಂತೆ ಪ್ರೋಗ್ರಾಂ ಬರೆಯುವುದುಂಟು. ಉಳಿದ ಕರೆಗಳಿಗೆ ಯಂತ್ರ ಸುಮ್ಮನಿರುತ್ತದೆ, ಗಂಟೆ ಬಾರಿಸುತ್ತದೆ, ಮನೆಯವರು ಎತ್ತುತ್ತಾರೆ. ಯಂತ್ರಕ್ಕೆ ಮಾತು ಕಲಿಸಿದವರು ಮೌನವನ್ನೂ ಕಲಿಸಿದುದರಿಂದಲೇ ಇದು ಸಾಧ್ಯವಾಯಿತು.