ಕ್ಯಾಸೆಟ್ಟಿನಿಂದ ಫೈಲಿಗೆ: ವೈದ್ಯರ ದನಿಗೊಂದು ಲೆಕ್ಕ



ಅರ್ಧಕ್ಕಿಂತ ಹೆಚ್ಚು ಮಂದಿ ವೈದ್ಯರೇ ಇರುವ ಸಭೆಯಲ್ಲಿ ಒಬ್ಬ ಚಾರ್ಟರ್ಡ್ ಅಕೌಂಟೆಂಟನನ್ನು ಪ್ರಧಾನ ಭಾಷಣಕ್ಕೆ ಕರೆದದ್ದು ಸಂಘಟಕರ ಧೈರ್ಯ. ತೆರಿಗೆಯ ಮಾತಾಡಿ ನಿಮ್ಮನ್ನು ಮಲಗಿಸುವುದಿಲ್ಲ. ನಿಮ್ಮಲ್ಲಿ ಕೆಲವರ ಮೇಜಿನ ಮೇಲೆ ಇನ್ನೂ ಇರುವ ಒಂದು ಪುಟ್ಟ ಯಂತ್ರದ ಬಗ್ಗೆ ಮಾತಾಡುತ್ತೇನೆ. ಅದು ಟೇಪಿನ ಡಿಕ್ಟಾಫೋನು. ಇಲ್ಲಿನ ದೊಡ್ಡ ಆಸ್ಪತ್ರೆಗಳು ಟೇಪು ಬಿಟ್ಟು ವರ್ಷಗಳಾದವು. ಆದರೆ ವಾರಕ್ಕೆರಡು ಸಂಜೆ ಖಾಸಗಿ ಕ್ಲಿನಿಕ್ಕು ನಡೆಸಿ, ಒಬ್ಬ ಸೆಕ್ರೆಟರಿಯನ್ನು ನಂಬಿಕೊಂಡಿರುವ ಹಿರಿಯ ಕನ್ಸಲ್ಟೆಂಟರಲ್ಲಿ ಕೆಲವರು ಇನ್ನೂ ಕ್ಯಾಸೆಟ್ಟಿನಲ್ಲೇ ಇದ್ದಾರೆ. ಅವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಡಿಜಿಟಲ್‌ಗೆ ಹೋದರೆ ಎಷ್ಟು ಖರ್ಚಾಗುತ್ತದೆ?" ಬೆಲೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಟೇಪು ಇಷ್ಟು ವರ್ಷ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಯಾರು ಮಾಡುತ್ತಾರೆ?

ಹೇಳಿ ಬರೆಸುವ ಯಂತ್ರದ ಕಲ್ಪನೆ ಹೊಸದೇನಲ್ಲ. 1877ರಲ್ಲಿ ಫೋನೋಗ್ರಾಫ್ ಮಾಡಿದ ಎಡಿಸನ್, ಮರುವರ್ಷ ಅದರ ಉಪಯೋಗಗಳ ಪಟ್ಟಿ ಬರೆದಾಗ ಪತ್ರ ಬರೆಸುವುದನ್ನೇ ಮೊದಲಿಟ್ಟ. ಸಂಗೀತ ಅದರ ನಂತರ ಬಂತು. ಡಿಕ್ಟಾಫೋನ್ ಎಂಬ ಹೆಸರು 1907ರದು. ನಮ್ಮ ವೈದ್ಯರ ಅಂಗೈಯಲ್ಲಿ ಕೂತ ಸಣ್ಣ ಕ್ಯಾಸೆಟ್ಟುಗಳು 1960ರ ದಶಕದವು: ಫಿಲಿಪ್ಸಿನ ಮಿನಿ ಕ್ಯಾಸೆಟ್ 1967ರಲ್ಲಿ, ಒಲಿಂಪಸ್‌ನ ಮೈಕ್ರೋ ಕ್ಯಾಸೆಟ್ 1969ರಲ್ಲಿ ಬಂತು. ಸಾಮಾನ್ಯ ವೇಗದಲ್ಲಿ ಮೈಕ್ರೋ ಕ್ಯಾಸೆಟ್ಟಿನ ಒಂದು ಬದಿಗೆ ಅರ್ಧ ಗಂಟೆ. ವೈದ್ಯರು ಹೆಬ್ಬೆರಳಲ್ಲಿ ಗುಂಡಿ ಸರಿಸುತ್ತ ಹೇಳುತ್ತಾರೆ. ಸೆಕ್ರೆಟರಿ ಕಿವಿಗೆ ಹೆಡ್‌ಫೋನ್ ಹಾಕಿ, ಕಾಲಡಿಯ ಪೆಡಲಿನಿಂದ ನಿಲ್ಲಿಸುತ್ತ, ಹಿಂದಕ್ಕೆ ತಿರುಗಿಸುತ್ತ ಟೈಪ್ ಮಾಡುತ್ತಾರೆ. ಆ ಪತ್ರ ಸಹಿಯಾಗಿ ರೋಗಿಯ ಜಿ.ಪಿ.ಗೆ ಹೋಗುತ್ತದೆ. ಹೊಸ ಮಾತ್ರೆ ಶುರುವಾಗುವುದು, ಹಳೆಯದು ನಿಲ್ಲುವುದು, ಸ್ಕ್ಯಾನಿಗೆ ಬರೆಯುವುದು, ಎಲ್ಲ ಆ ಒಂದು ಹಾಳೆಯ ಮೇಲೆ ನಿಂತಿದೆ.

ಟೇಪಿನ ದೋಷಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತುರ್ತಿನ ಪತ್ರ ಟೇಪಿನ ಕೊನೆಯಲ್ಲಿದ್ದರೆ ಅದನ್ನು ಹುಡುಕಲು ಸುತ್ತುತ್ತಲೇ ಇರಬೇಕು. ನಡುವೆ ಒಂದು ಸಾಲು ಮರೆತರೆ ಸೇರಿಸಲು ಜಾಗವಿಲ್ಲ. "ದಯವಿಟ್ಟು ಎರಡನೇ ಪ್ಯಾರಾಕ್ಕೆ ಹಿಂದಿರುಗಿ" ಎಂದು ಕೊನೆಯಲ್ಲಿ ಗೋಗರೆಯಬೇಕು. ಟೇಪು ಹಿಗ್ಗುತ್ತದೆ, ಸವೆಯುತ್ತದೆ, ಕೋಟಿನ ಜೇಬಿನಲ್ಲೇ ಉಳಿದು ಲಾಂಡ್ರಿಗೂ ಹೋಗುತ್ತದೆ. ಅದಕ್ಕೆ ನಕಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಬೇರರ್ ಚೆಕ್ಕಿನ ಹಾಗೆ: ಯಾರ ಕೈಯಲ್ಲಿದೆಯೋ ಅವರದೇ, ಬೀದಿಯಲ್ಲಿ ಬಿದ್ದರೆ ಸಿಕ್ಕವನದು. ರೋಗಿಯ ಹೆಸರು, ಹುಟ್ಟಿದ ದಿನ, ಕಾಯಿಲೆ ಎಲ್ಲವೂ ಯಾವ ಬೀಗವೂ ಇಲ್ಲದೆ ಅದರಲ್ಲಿರುತ್ತದೆ.

ಅದೇ ಬೇರರ್ ಗುಣಕ್ಕೆ ಒಂದು ಒಳ್ಳೆಯ ಮುಖವೂ ಇತ್ತು. ಸೆಕ್ರೆಟರಿಯ ಮೇಜಿನ ಎಡಗಡೆ ಆರು ಟೇಪು, ಬಲಗಡೆ ಎರಡು. ಎಡಗಡೆಯವು ಆಗಬೇಕಾದದ್ದು, ಬಲಗಡೆಯವು ಆದದ್ದು. ಕೋಣೆಗೆ ಬಂದ ಯಾರಿಗಾದರೂ ಕೆಲಸ ಎಷ್ಟು ಹಿಂದೆ ಬಿದ್ದಿದೆಯೆಂದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಸೆಕ್ರೆಟರಿ ರಜೆಯ ಮೇಲೆ ಹೋದರೆ ರಾಶಿ ಬೆಳೆಯುವುದು ಕಾಣುತ್ತಿತ್ತು, ಯಾರೋ ಒಬ್ಬರು ಗೊಣಗುತ್ತಿದ್ದರು. ಆ ಗೊಣಗಾಟವನ್ನೇ ಲೆಕ್ಕಪರಿಶೋಧಕರು ಆಂತರಿಕ ನಿಯಂತ್ರಣ ಎನ್ನುತ್ತಾರೆ.

ಈಗ ಡಿಜಿಟಲ್ ರೆಕಾರ್ಡರಿಗೆ ಬನ್ನಿ. 1990ರ ದಶಕದಲ್ಲಿ ಒಲಿಂಪಸ್, ಫಿಲಿಪ್ಸ್, ಗ್ರುಂಡಿಗ್ ಕಂಪನಿಗಳು ಸೇರಿ ಮಾತಿಗೆಂದೇ ಡಿ.ಎಸ್.ಎಸ್. ಎಂಬ ಮಾದರಿಯನ್ನು ಒಪ್ಪಿಕೊಂಡವು. ಹಾಡಿಗೆ ಬೇಕಾದ ಮೇಲುಸ್ತರ, ಕೆಳಸ್ತರಗಳನ್ನು ಬಿಟ್ಟು ಮನುಷ್ಯರ ದನಿಗೆ ಬೇಕಾದಷ್ಟನ್ನೇ ಅದು ಹಿಡಿಯುತ್ತದೆ. ಹಾಗಾಗಿ ಹತ್ತು ನಿಮಿಷದ ಮಾತು ಸುಮಾರು ಒಂದು ಮೆಗಾಬೈಟಿನಲ್ಲಿ ಕೂರುತ್ತದೆ, ಸಿ.ಡಿ. ಗುಣಮಟ್ಟದಲ್ಲಿ ಹಿಡಿದರೆ ಒಂದು ನಿಮಿಷಕ್ಕೇ ಹತ್ತು ಮೆಗಾಬೈಟು ಬೇಕು. ಪ್ರತಿ ಪತ್ರವೂ ಒಂದು ಬೇರೆ ಫೈಲು. ಅದರ ಜೊತೆಗೇ ಹೇಳಿದವರ ಗುರುತು, ದಿನಾಂಕ, ಉದ್ದ, ತುರ್ತು ಎಂಬ ಗುರುತು ಅಂಟಿಕೊಂಡಿರುತ್ತದೆ. ತುರ್ತಿನದನ್ನು ಮೊದಲು ತೆಗೆಯಬಹುದು. ಮರೆತ ಸಾಲನ್ನು ನಡುವೆ ತೂರಿಸಬಹುದು. ಕೇಳಿಸದ ಪದವಿದ್ದಲ್ಲಿ ಸೆಕ್ರೆಟರಿ ಖಾಲಿ ಬಿಟ್ಟು "2 ನಿಮಿಷ 14 ಸೆಕೆಂಡು" ಎಂದು ಬರೆದರೆ, ವೈದ್ಯರು ನೇರವಾಗಿ ಆ ಜಾಗವನ್ನೇ ಕೇಳಿ ತುಂಬಬಹುದು. ಇದು ನನಗೆ ಎಲ್ಲಕ್ಕಿಂತ ದೊಡ್ಡ ಲಾಭವಾಗಿ ಕಾಣುತ್ತದೆ, ಏಕೆಂದರೆ ಊಹಿಸಿ ತುಂಬುವ ಚಪಲ ಇದರಿಂದ ಕಡಿಮೆಯಾಗುತ್ತದೆ. ಹೈಪರ್ ಮತ್ತು ಹೈಪೋ, ಫಿಫ್ಟೀನ್ ಮತ್ತು ಫಿಫ್ಟಿ: ಗಂಟೆ ಏಳಾದ ಮೇಲೆ ದಣಿದ ದನಿಯಲ್ಲಿ, ಅದೂ ನಮ್ಮ ಹಾಸನ, ಧಾರವಾಡದ ಇಂಗ್ಲಿಷಿನಲ್ಲಿ, ಇವು ಎಷ್ಟು ಹತ್ತಿರ ಎಂದು ನಿಮಗೇ ಗೊತ್ತು.

ಹೋದದ್ದು ಏನು? ರಾಶಿ. ಫೈಲುಗಳಿಗೆ ಎತ್ತರವಿಲ್ಲ. ಆರಿದ್ದರೂ ಆರುನೂರಿದ್ದರೂ ಪರದೆಯ ಮೇಲಿನ ಫೋಲ್ಡರಿನ ಚಿತ್ರ ಅಷ್ಟೇ ಗಾತ್ರದ್ದು.

ಇದು ಬರೀ ಲೆಕ್ಕದವನ ಅಂಜಿಕೆಯಲ್ಲ. 2023ರ ಸೆಪ್ಟೆಂಬರಿನಲ್ಲಿ ನ್ಯೂಕ್ಯಾಸಲ್ ಆಸ್ಪತ್ರೆಗಳ ಟ್ರಸ್ಟಿನ ಸುದ್ದಿ ನೀವೆಲ್ಲ ಓದಿರುತ್ತೀರಿ. ಜಿ.ಪಿ.ಗಳಿಗೂ ರೋಗಿಗಳಿಗೂ ಹೋಗಬೇಕಿದ್ದ 24,000 ಪತ್ರಗಳು ಕಂಪ್ಯೂಟರಿನಲ್ಲೇ ಉಳಿದಿದ್ದವು; ಕೆಲವು 2018ರಷ್ಟು ಹಿಂದಿನವು. ಹಿರಿಯ ವೈದ್ಯರ ಒಪ್ಪಿಗೆ ಬೇಕಿದ್ದ ಪತ್ರಗಳು ಹೆಚ್ಚಿನ ಸಿಬ್ಬಂದಿಗೆ ಇದೆಯೆಂದೇ ತಿಳಿಯದ ಒಂದು ಫೋಲ್ಡರಿಗೆ ಹೋಗಿ ಕುಳಿತಿದ್ದವು. ಟ್ರಸ್ಟ್ ಕ್ಷಮೆ ಕೇಳಿತು. ಅಷ್ಟು ಕಾಗದ, ಅಷ್ಟು ಟೇಪು ಒಂದು ಕೋಣೆಯಲ್ಲಿದ್ದಿದ್ದರೆ ಬಾಗಿಲೇ ತೆರೆಯುತ್ತಿರಲಿಲ್ಲ. ಕ್ಲಿನಿಕ್ಕಿನ ಪತ್ರ 7 ದಿನದೊಳಗೆ ಜಿ.ಪಿ.ಗೆ ತಲುಪಬೇಕೆಂಬ ಷರತ್ತು ಎನ್.ಎಚ್.ಎಸ್. ಗುತ್ತಿಗೆಯಲ್ಲಿ 2018ರ ಏಪ್ರಿಲಿನಿಂದ ಇದೆ. ಷರತ್ತು ಇದ್ದ ಮಾತ್ರಕ್ಕೆ ಫೋಲ್ಡರು ತಾನಾಗಿ ಮಾತಾಡುವುದಿಲ್ಲ.

ಹಾಗಾಗಿ ಯಂತ್ರ ಕೊಳ್ಳುವ ಮೊದಲು ಒಂದು ತಾಳೆ ಪಟ್ಟಿ ಮಾಡಿಕೊಳ್ಳಿ ಎಂದು ನನ್ನ ಗ್ರಾಹಕರಿಗೆ ಹೇಳುತ್ತೇನೆ. ಬ್ಯಾಂಕ್ ಪಾಸ್‌ಬುಕ್ಕಿಗೂ ಮನೆಯ ಖಾತೆಗೂ ತಾಳೆ ನೋಡುವ ಹಾಗೆಯೇ ಇದು. ಉದಾಹರಣೆಗೆ ಮಂಗಳವಾರದ ಕ್ಲಿನಿಕ್ಕಿನ ಪಟ್ಟಿಯಲ್ಲಿ 18 ಹೆಸರು. ಒಬ್ಬರು ಬರಲಿಲ್ಲ. ಅಂದರೆ 17 ಫೈಲು ಇರಬೇಕು, 17 ಪತ್ರ ಟೈಪಾಗಬೇಕು, 17 ಸಹಿಯಾಗಬೇಕು, 17 ಹೊರಗೆ ಹೋಗಬೇಕು. ಶುಕ್ರವಾರ ಮಧ್ಯಾಹ್ನ ಈ ನಾಲ್ಕು ಅಂಕಿ ಒಂದೇ ಸಾಲಿನಲ್ಲಿ ಕಾಣಬೇಕು. ನಾಲ್ಕನೆಯದು 16 ಎಂದಿದ್ದರೆ ಆ ಒಬ್ಬ ರೋಗಿಯ ಹೆಸರು ಕಂಡುಹಿಡಿಯದೆ ಯಾರೂ ಮನೆಗೆ ಹೋಗಬಾರದು. ಹದಿನೇಳನೆಯ ಪತ್ರದಲ್ಲೇ "ಎರಡು ವಾರದೊಳಗೆ ನೋಡಿ" ಎಂಬ ಮಾತಿರಬಹುದು. ಇದಕ್ಕೆ ದುಬಾರಿ ತಂತ್ರಾಂಶ ಬೇಡ, ಎಕ್ಸೆಲ್ ಸಾಕು. ಆದರೆ ಪಟ್ಟಿ ಶುರುವಾಗಬೇಕಾದದ್ದು ರೋಗಿಗಳ ಅಪಾಯಿಂಟ್‌ಮೆಂಟ್ ಪುಸ್ತಕದಿಂದ. ಫೈಲುಗಳಿಂದ ಶುರು ಮಾಡಿದರೆ, ಹೇಳಲು ಮರೆತೇ ಹೋದ ಪತ್ರ ಯಾವ ತಾಳೆಯಲ್ಲೂ ಸಿಕ್ಕುವುದಿಲ್ಲ.

ಸರಿ, ಖರ್ಚು. ಸಾಮಾನ್ಯವಾಗಿ ಚಿಕಿತ್ಸೆಯ ಶುಲ್ಕಕ್ಕೆ ವ್ಯಾಟ್ ಇಲ್ಲ. ಕೇಳಲು ಸಿಹಿ, ಆದರೆ ಅದರರ್ಥ ನೀವು ಕೊಟ್ಟ ವ್ಯಾಟ್ ನಿಮಗೆ ವಾಪಸು ಬರುವುದಿಲ್ಲ. ಅಂಗಡಿಯವನು 400 ಪೌಂಡು ಜೊತೆಗೆ ವ್ಯಾಟ್ ಎಂದರೆ ನಿಮ್ಮ ಪಾಲಿಗೆ ಅದು 480. ರೆಕಾರ್ಡರು, ಪೆಡಲು, ಕಂಪ್ಯೂಟರುಗಳಿಗೆ ವಾರ್ಷಿಕ ಹೂಡಿಕೆ ಭತ್ಯೆಯಡಿ ಅದೇ ವರ್ಷ ಪೂರ್ತಿ ಕಳೆಯಲು ಸಾಧ್ಯ. ತಿಂಗಳ ಚಂದಾ ಮಾಮೂಲಿ ಖರ್ಚು. ಯಂತ್ರದ ಮಟ್ಟಿಗೆ ಇಷ್ಟೇ ವಿಷಯ. ಒಂದು ಕಿವಿಮಾತು: ಹೆಬ್ಬೆರಳಿಗೆ ಹಳೆಯ ಅಭ್ಯಾಸದ ಹಾಗೇ ಸರಿಸುವ ಗುಂಡಿಯಿರುವ, ಫೈಲಿಗೆ ಗೂಢಲಿಪಿಯ ಬೀಗ ಹಾಕುವ ಮಾದರಿಯನ್ನೇ ಕೊಳ್ಳಿ. ಕೈಗೊಗ್ಗದ ಯಂತ್ರ ಡ್ರಾಯರು ಸೇರುತ್ತದೆ.

ದೊಡ್ಡ ಮೊತ್ತ ಇರುವುದು ಟೈಪಿಂಗಿನಲ್ಲಿ. ದನಿ ಫೈಲಾದೊಡನೆ ಅದು ಎಲ್ಲಿಗೆ ಬೇಕಾದರೂ ಹೋಗಬಲ್ಲದು. ನಮ್ಮ ಪೀಳಿಗೆಗೆ ಇದು ಗೊತ್ತಿರುವ ಕಥೆ. 1990ರ ದಶಕದ ಕೊನೆಗೆ ಬೆಂಗಳೂರಿನ ಬಡಾವಣೆಗಳಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ತರಬೇತಿಯ ಬೋರ್ಡುಗಳು ಎದ್ದವು. ಅಮೆರಿಕದ ವೈದ್ಯರು ಹಗಲು ಹೇಳಿದ್ದನ್ನು, ಅವರು ಮಲಗಿದ್ದಾಗ ನಮ್ಮ ಅಕ್ಕತಂಗಿಯರು, ಗೆಳೆಯರು ಕೂತು ಟೈಪ್ ಮಾಡಿದರು. ಟೇಪಿನ ಕಾಲದಲ್ಲಿ ಇದು ಆಗದ ಮಾತು; ಕ್ಯಾಸೆಟ್ಟನ್ನು ವಿಮಾನ ಹತ್ತಿಸಿ ಮರುದಿನ ಪತ್ರ ಪಡೆಯಲಾಗುತ್ತಿರಲಿಲ್ಲ.

ಇಂದು ಇಲ್ಲಿಂದ ಹಾಗೆ ಕಳಿಸುವವರು ಎರಡು ವಿಷಯ ನೋಡಿ. ರೋಗಿಯ ದನಿ ದಾಖಲೆ ಭಾರತಕ್ಕೆ ಹೋಗುವುದಾದರೆ, ದತ್ತಾಂಶ ಕಾನೂನಿನಲ್ಲಿ ಬ್ರಿಟನ್ ಭಾರತವನ್ನು ಸಮಾನ ರಕ್ಷಣೆಯ ದೇಶವೆಂದು ಗುರುತಿಸಿಲ್ಲ. ಅದಕ್ಕೆಂದೇ ಇರುವ ಅಂತಾರಾಷ್ಟ್ರೀಯ ವರ್ಗಾವಣೆ ಒಪ್ಪಂದದಂಥ ಕರಾರು ಬೇಕು. ಅಳಿಯನ ಕಸಿನ್ನು ನಡೆಸುವ ಕಂಪನಿ ಎಂಬುದು ಕರಾರಲ್ಲ. ಇನ್ನೊಂದು, ಹೊರಗಿನ ಸೇವೆಗೆ ವ್ಯಾಟ್ ಲೆಕ್ಕವಿದೆ, ಸೆಕ್ರೆಟರಿಯ ಸಂಬಳಕ್ಕಿಲ್ಲ. ನಿಮಿಷಕ್ಕಿಷ್ಟು ಎಂಬ ದರವನ್ನು ಸಂಬಳದ ಪಕ್ಕದಲ್ಲಿಡುವ ಮೊದಲು ಅದನ್ನು ಸೇರಿಸಿ.

ಆ ಪಟ್ಟಿಯಲ್ಲಿ ಯಾರೂ ಬರೆಯದ ಒಂದು ಸಾಲಿದೆ. ನಿಮ್ಮ ಸೆಕ್ರೆಟರಿ ಹದಿನೈದು ವರ್ಷದಿಂದ ನಿಮ್ಮ ದನಿ ಕೇಳುತ್ತಿದ್ದಾರೆ. "ಡಾಕ್ಟ್ರೇ, ಎಡಗಾಲು ಎಂದಿರಿ, ಹೋದ ಪತ್ರದಲ್ಲಿ ಬಲಗಾಲಿತ್ತು" ಎಂದು ಬಾಗಿಲಲ್ಲಿ ನಿಂತು ಕೇಳುವವರು ಅವರು. ಬೇರೆ ಊರಿನ ಟೈಪಿಸ್ಟ್ ಎಷ್ಟೇ ಜಾಣೆಯಾಗಿರಲಿ, ಆಕೆಯ ಮುಂದೆ ಹೋದ ಪತ್ರ ಇರುವುದಿಲ್ಲ. ಕಂಪ್ಯೂಟರೇ ದನಿ ಕೇಳಿ ಬರೆದರೂ ಅಷ್ಟೇ. ಅದು ಬರೆದ ತಪ್ಪು ವಾಕ್ಯವೂ ಅಚ್ಚುಕಟ್ಟಾಗಿರುತ್ತದೆ. ಸೆಕ್ರೆಟರಿಯ ಸಂಬಳವನ್ನು ಟೈಪಿಂಗ್ ಎಂಬ ಒಂದೇ ಶೀರ್ಷಿಕೆಯಡಿ ಬರೆದರೆ ಉಳಿತಾಯ ದೊಡ್ಡದಾಗಿ ಕಾಣುತ್ತದೆ. ಟೈಪಿಂಗ್, ತಪಾಸಣೆ, ರೋಗಿಗಳ ಫೋನು ಎಂದು ಒಡೆದು ಬರೆಯಿರಿ. ಆಗಲೂ ಹೊರಗೆ ಕೊಡುವುದೇ ಲಾಭವೆಂದು ಕಂಡರೆ ಕೊಡಿ, ನನ್ನ ತಕರಾರಿಲ್ಲ. ಆದರೆ ತಪಾಸಣೆಯ ಸಾಲಿನ ಎದುರು ಒಬ್ಬರ ಹೆಸರು ಇರಲಿ.

ಬದಲಾವಣೆಗೆ ಒಂದು ದಿನಾಂಕ ಗೊತ್ತುಮಾಡಿ. ಅರ್ಧ ಟೇಪಿನಲ್ಲಿ, ಅರ್ಧ ಫೈಲಿನಲ್ಲಿ ತಿಂಗಳುಗಟ್ಟಲೆ ನಡೆಸಿದರೆ ಎರಡೂ ಕಡೆ ಪತ್ರ ತಪ್ಪುತ್ತದೆ. ಆ ಸೋಮವಾರದಿಂದ ಹೊಸದೆಲ್ಲ ಹೊಸ ಯಂತ್ರದಲ್ಲಿ; ಹಳೆಯ ಟೇಪುಗಳಿಗೆ ಸಂಖ್ಯೆ ಹಾಕಿ, ಪಟ್ಟಿ ಮಾಡಿ, ಒಂದೊಂದಾಗಿ ಮುಗಿಸಿ. ಪ್ರತಿ ಟೇಪನ್ನೂ ಎರಡೂ ಬದಿ ಕೊನೆಯವರೆಗೆ ಕೇಳಿಸಿ. ಹೊಸ ಮಾತು ನಿಂತ ಮೇಲೂ ಕೆಳಗೆ ಹಳೆಯದು ಉಳಿದಿರುತ್ತದೆ, ಅದರಲ್ಲಿ ಟೈಪಾಗದ ಪತ್ರವೂ ಇರಬಹುದು. ಮುಗಿದ ಟೇಪುಗಳನ್ನು ಕಸದ ಬುಟ್ಟಿಗೆ ಹಾಕಬೇಡಿ, ಚ್ಯಾರಿಟಿ ಅಂಗಡಿಗಂತೂ ಬೇಡವೇ ಬೇಡ. ಗೋಪ್ಯ ತ್ಯಾಜ್ಯ ನಾಶಮಾಡುವವರಿಗೆ ಎಣಿಸಿ ಕೊಟ್ಟು, ಅಷ್ಟೇ ಸಂಖ್ಯೆ ನಮೂದಾದ ಪ್ರಮಾಣಪತ್ರ ತೆಗೆದುಕೊಳ್ಳಿ. ಕೊನೆಯ ಟೇಪು ಮುಗಿಯುವವರೆಗೂ ಹಳೆಯ ಪ್ಲೇಯರನ್ನು ಯಾರಿಗೂ ಕೊಡಬೇಡಿ, ಕೆಟ್ಟರೆ ರಿಪೇರಿಯವರು ಸಿಕ್ಕುವುದು ಈಗ ಬಲು ಕಷ್ಟ.

ಊಟಕ್ಕೆ ಇನ್ನೂ ಇಪ್ಪತ್ತು ನಿಮಿಷವಿದೆ. ಪ್ರಶ್ನೆಗಳಿದ್ದರೆ ಕೇಳಿ.